ಪದಕಾರನ ಖಾಲಿ ಪರದೆ

ಲ್ಯಾಪ್‌ಟಾಪಿನ ಪರದೆ ಪೂರ್ತಿ ಕಪ್ಪಾದ ಮೇಲೂ ವಿಲ್ಮಾರ್ ಕಾಲು ಗಂಟೆ ಟೈಪ್ ಮಾಡುತ್ತಲೇ ಇದ್ದ. ಮಧ್ಯಾಹ್ನ ಎರಡೂವರೆಗೆ ಮಗಳು ಸುಲ್ಮಾ ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿ ಅವುಚಿಕೊಂಡು, ಮಾಟೆ ಸೊಪ್ಪಿನ ಕಷಾಯ ಕುಡಿಯುವ ಸೋರೆ ಬುರುಡೆ ಹಿಡಿದು ಅಡುಗೆಮನೆಗೆ ಬಂದಾಗ ಅವಳಿಗೆ ಕಂಡದ್ದು ಇದು.

"ಅಪ್ಪ, ಏನ್ ಮಾಡ್ತಿದ್ದೀಯ? ಅದು ಆಫ್ ಆಗಿದೆ."

"ಆಫಾ? ಮೊನ್ನೆ ನೀನ್ ಮೆನು ತೆಗೆದೆ, ನಿನ್ನೆ ಗಡಿಯಾರ ತೆಗೆದೆ. ಇವತ್ತು ಅಕ್ಷರಾನೂ ತೆಗೆದ್ಬಿಟ್ಟಿದ್ದೀಯ ಅಂದ್ಕೊಂಡೆ. ಹೊಸ ವಿದ್ಯೆ, ನಮಗೇನು ಗೊತ್ತಾಗತ್ತೆ?"

ನಗುವ ಹೊತ್ತಾಗಿರಲಿಲ್ಲ. ಇಬ್ಬರು ಗೆಳೆಯರ ಜೊತೆ ಸೇರಿ ಸುಲ್ಮಾ ಕತೆ, ಕವಿತೆ ಬರೆಯುವವರಿಗೊಂದು ಸಾಫ್ಟ್‌ವೇರ್ ಮಾಡುತ್ತಿದ್ದಳು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಉಳಿದದ್ದೆಲ್ಲ ಮಾಯವಾಗಿ ಪರದೆ ತುಂಬ ಬರೀ ಹಾಳೆ ಉಳಿಯಬೇಕು. ಹತ್ತು ನಿಮಿಷ ಒಂದು ಕಡೆ ಕೂರಲಾರದ ಈ ಹೆಂಗಸು ನಾಲ್ಕು ತಿಂಗಳಿಂದ ಜಗತ್ತಿಗೆ ಏಕಾಗ್ರತೆ ಹಂಚಲು ಹೊರಟಿದ್ದಳು. ದಿನಕ್ಕೊಂದನ್ನು ಕಿತ್ತು ಹಾಕುತ್ತಿದ್ದಳು. ಬ್ಯಾಟರಿ ಮುಗಿಯುವ ಎಚ್ಚರಿಕೆಯನ್ನಾದರೂ ಇಡೋಣ ಎಂದು ಗೆಳೆಯರು ಗೋಗರೆದರೂ ಕೇಳಲಿಲ್ಲ. "ಕವಿತೆ ಹುಟ್ಟೋ ಹೊತ್ತಲ್ಲಿ ಹತ್ತು ಪರ್ಸೆಂಟ್ ಇದೆ ಅಂತ ಮೂಗಿಗೆ ಹಿಡೀತೀರಾ?" ಎಂದಿದ್ದಳು. ಬರೆದದ್ದು ಆಗಾಗ ತಾನಾಗಿ ಉಳಿಯುವ ಏರ್ಪಾಡನ್ನು ಇನ್ನೂ ಜೋಡಿಸಿರಲಿಲ್ಲ. ಸದ್ಯಕ್ಕೆ ಆ ಹಾಳೆಯಿಂದ ಹೊರಗೆ ಬಂದರೆ ಮಾತ್ರ ಉಳಿಯುತ್ತಿತ್ತು.

ವಿಲ್ಮಾರ್ ಮಾಂಟೆವಿಡಿಯೋ ನಗರದ ಒಂದು ಮೂರ್ಗಾ ಮೇಳಕ್ಕೆ ಮೂವತ್ತೊಂದು ವರ್ಷಗಳಿಂದ ಪದ ಕಟ್ಟುತ್ತಿದ್ದವನು. ಕಾರ್ನಿವಲ್‌ನಲ್ಲಿ ಹದಿನೇಳು ಜನ ಮುಖಕ್ಕೆ ಬಣ್ಣ ಬಳಿದುಕೊಂಡು ಹಾಡುವ ಮೇಳ ಅದು. ಎಲ್ಲರಿಗೂ ಗೊತ್ತಿರುವ ಮಟ್ಟು ಹಿಡಿದು ಅದಕ್ಕೆ ಹೊಸ ಪದ ಕೂರಿಸುವುದು ಅವರ ಪದ್ಧತಿ. ವಿಲ್ಮಾರ್ ಎಂದೂ ಒಬ್ಬನೇ ಕೂತು ಬರೆದವನಲ್ಲ. ಕ್ಲಬ್ಬಿನ ಮೇಜು, ಟಿವಿಯಲ್ಲಿ ಫುಟ್‌ಬಾಲ್, ಸುತ್ತ ಕೂತು ಸಾಲು ಎಸೆಯುವ ಗೆಳೆಯರು, ಇಷ್ಟಿದ್ದರೇ ಅವನ ಕೈ ಓಡುತ್ತಿದ್ದದ್ದು. ಈ ವರ್ಷ ಓಡಲಿಲ್ಲ. ಕೊನೆಯಲ್ಲಿ ಹಾಡುವ ಬೀಳ್ಕೊಡುಗೆ ಪದವನ್ನು ಮೇಳದ ಯಜಮಾನ ಉಬಾಲ್ದೊ ಎರಡು ಸಲ ವಾಪಸ್ ಕೊಟ್ಟಿದ್ದ. ಇವತ್ತು ನಾಲ್ಕು ಗಂಟೆಗೆ ಹೊಸದು ಬರದಿದ್ದರೆ ಬೇರೊಬ್ಬ ಪದಕಾರನ ಹಾಡು, ವಿಲ್ಮಾರ್‌ಗೆ ಮನೆ. ಅದಕ್ಕೇ ಮಗಳು ಅವನನ್ನು ತನ್ನ ಖಾಲಿ ಹಾಳೆಯ ಮುಂದೆ ಕೂರಿಸಿದ್ದು.

ಚಾರ್ಜರ್ ಸಿಕ್ಕಿಸಿ ತೆರೆದು ನೋಡಿದಳು. ಒಂದಕ್ಷರವೂ ಉಳಿದಿರಲಿಲ್ಲ.

"ನಂದೇ ತಪ್ಪು, ಅಪ್ಪ. ನಾನೇ ಹಾಳು ಮಾಡ್ದೆ."

"ಅಳ್ಬೇಡ್ವೇ. ಮಟ್ಟು ಎಲ್ಲಿಗೆ ಹೋಗತ್ತೆ? ನಾನ್ ಹಾಡ್ತೀನಿ, ನೀನ್ ಟೈಪ್ ಹೊಡ್ಕೊಂಡ್ ಹೋಗು."

ಅವನು ಮೇಜು ತಟ್ಟುತ್ತ ಹಳೆಯ ವಾಲ್ಟ್ಸ್ ಒಂದರ ಮಟ್ಟು ಎತ್ತಿಕೊಂಡ. ಪದ ಹಿಂದೆಯೇ ಬಂತು. ಬಂದರು, ಹಡಗಿಗೆ ಕಾಯುವ ನಾಯಿ, ಮಾತು ಕೊಟ್ಟು ಮರೆತ ಮೇಯರ್. ಎಷ್ಟು ಚೆನ್ನಾಗಿತ್ತೆಂದರೆ ಸುಲ್ಮಾ ಎರಡು ಸಲ ಟೈಪ್ ಮಾಡುವುದನ್ನೇ ಮರೆತಳು. ಐದು ಚರಣ ಹೀಗೇ ಬಂದವು. ಆರನೆಯದಕ್ಕೆ ಬರೀ ರಾಗ ಬಂತು.

"ಪದ?"

"ಇದೆ."

"ಮರ್ತ್‌ಹೋಯ್ತಾ?"

"ಇದೆ ಅಂದ್ನಲ್ಲ." ಅವನು ಕಿಟಕಿಯ ಕಡೆ ನೋಡಿದ.

"ಅಮ್ಮನ ವಿಷಯಾನಾ?"

ಹನ್ನೊಂದು ವರ್ಷದ ಹಿಂದೆ ಸುಲ್ಮಾಳ ಅಮ್ಮ ನೆಲ್ಲಿ ಒಂದು ಸೂಟ್‌ಕೇಸ್ ಹಿಡಿದು ಪಾಯ್ಸಾಂಡು ಊರಿನ ಬಸ್ಸು ಹತ್ತಿದವಳು ಮತ್ತೆ ಬಂದಿರಲಿಲ್ಲ. ಅವಳ ಹೆಸರೆತ್ತಿದರೆ ಸಾಕು, ವಿಲ್ಮಾರ್ ಒಂದು ತಮಾಷೆ ಹಾರಿಸಿ ಎದ್ದು ಹೋಗುತ್ತಿದ್ದ. ಆ ತಮಾಷೆಗಳೆಲ್ಲ ಸುಲ್ಮಾಳಿಗೆ ಬಾಯಿಪಾಠವಾಗಿದ್ದವು, ಅವುಗಳನ್ನು ಅವಳು ದ್ವೇಷಿಸುತ್ತಿದ್ದಳು. ಇವತ್ತು ತಮಾಷೆ ಬರಲಿಲ್ಲ.

"ಹದಿನೇಳು ಜನ ಸ್ಟೇಜ್ ಮೇಲೆ ಗಂಟಲು ಹರ್ಕೊಂಡು ಹಾಡೋದಲ್ವಾ ಅದು? ಇಡೀ ಊರು ಕೇಳತ್ತೆ. ನಂಗ್ ಮಾತ್ರ ಹೇಳಲ್ಲ!"

"ಅಲ್ಲಿ ಮುಖಕ್ಕೆ ಬಣ್ಣ ಇರತ್ತೆ ಕಣೆ."

ಸುಲ್ಮಾಳಿಗೆ ರೇಗಿತು. ಅವನ ಭುಜ ಹಿಡಿದು ಅಲುಗಾಡಿಸಿ ಆ ಚರಣದ ನಾಲ್ಕು ಸಾಲುಗಳನ್ನು ಉದುರಿಸಿಕೊಳ್ಳಬೇಕೆನಿಸಿತು. ಗೋಡೆಯ ಗಡಿಯಾರ ಮೂರು ಹತ್ತು ತೋರಿಸುತ್ತಿತ್ತು. ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿ ಗುಂಡಿ ಒತ್ತಿದಳು. ಐದು ಚರಣ, ಅದರ ಕೆಳಗೆ ಖಾಲಿ ಹಾಳೆ. "ನೀನೇ ಬರಿ. ಮುಗಿದ್ಮೇಲೆ ಈ ಮೂಲೆ ಕೀ ಒತ್ತು. ಮರೀಬೇಡ."

ವಿಲ್ಮಾರ್ ಬೆರಳುಗಳನ್ನು ಕೀಲಿಗಳ ಮೇಲಿಟ್ಟ. ಬರೆಯಲಿಲ್ಲ. ಮಗಳನ್ನೇ ನೋಡಿದ. ಬೆಳಕು ಜಾಸ್ತಿಯಾಯಿತೇನೋ ಎಂದು ಅವಳು ಕಿಟಕಿಯ ಪರದೆ ಎಳೆದಳು. ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ನಿಲ್ಲಲೆಂದು ಅದರ ಪ್ಲಗ್ ಕಿತ್ತಳು. ಅವನು ಇನ್ನೂ ನೋಡುತ್ತಲೇ ಇದ್ದ. ಆಗ ಅವಳಿಗೆ ಅರ್ಥವಾಯಿತು. ಹೊರಗೆ ಬಂದು ಮನೆ ಬಾಗಿಲು ಎಳೆದುಕೊಂಡಳು.

ಮೆಟ್ಟಿಲ ಬಳಿ ಪಕ್ಕದ ಮನೆಯ ಎಲ್ಬಿಯಾ ಎದುರಾದಳು. "ಏನೇ, ನಿಮ್ಮಪ್ಪ ಬದುಕಿದಾನೋ ಇಲ್ವೋ? ಉಬಾಲ್ದೊ ನನ್ ಫೋನಿಗೆ ಎರಡ್ ಸಲ ಮಾಡಿದಾನೆ. ಆಚೆ ಸರಿ, ನಾನೇ ಕೇಳ್ತೀನಿ."

ಸುಲ್ಮಾ ಬಾಗಿಲಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು. "ಬೇಡ ಅಕ್ಕ. ಬರೀತಿದ್ದಾನೆ."

"ಬರೀಲಿ, ಬೇಡ ಅಂದೋರ್ಯಾರು? ಒಂದ್ ಮಾತು ಕೇಳಿದ್ರೆ ಸವೆದ್ ಹೋಗ್ತಾನಾ?"

ಒಳಗೆ ಲ್ಯಾಪ್‌ಟಾಪಿನ ಕೀಲಿಯೊಂದು ಸದ್ದು ಮಾಡಿತು. ಮತ್ತೊಂದು. ಸುಲ್ಮಾ ಉಸಿರು ಬಿಗಿಹಿಡಿದು ಕಿವಿಯನ್ನು ಬಾಗಿಲಿಗೆ ಒತ್ತಿದಳು. ಸದ್ದು ನಿಂತುಹೋಯಿತು.

"ಸುಲ್ಮಾ," ಒಳಗಿನಿಂದ ಅಪ್ಪ ಮೆಲ್ಲಗೆ ಕರೆದ. "ಅಲ್ಲೂ ನಿಂತ್ಕೋಬೇಡ ಕಣಮ್ಮ."

ಸುಲ್ಮಾ ಎಲ್ಬಿಯಾಳ ತೋಳು ಹಿಡಿದು ಮೆಟ್ಟಿಲಿಳಿದಳು. ಒಂದು ಮಹಡಿ ಕೆಳಗೆ ಬಂದು ಕಿವಿಗೊಟ್ಟಳು. ಇಲ್ಲಿಗೂ ಕೀಲಿಗಳ ಸದ್ದು ಸಣ್ಣಗೆ ಬರುತ್ತಿತ್ತು. ಇನ್ನೊಂದು ಮಹಡಿ ಇಳಿದಳು.