ಹಾರುವ ಹತ್ತಿ

ಗಡಹಿಂಗ್ಲಜದ ಕಡೆಯವರಿಗೆ ಎರಡು ಭಾಷೆ ಬರುತ್ತವೆ ಎಂದು ಹೊರಗಿನವರು ಹೊಗಳುತ್ತಾರೆ. ಬರುತ್ತವೆ, ನಿಜ. ಆದರೆ ಯಾವ ಮಾತು ಯಾವ ಭಾಷೆಯದು ಎಂದು ಕೇಳಿದರೆ ನಾವು ಬಾಯಿ ಬಾಯಿ ಬಿಡುತ್ತೇವೆ. ನಮ್ಮ ಮನೆಯಲ್ಲಿ ಕನ್ನಡದಲ್ಲಿ ಹೊರಟ ವಾಕ್ಯ ಮರಾಠಿಯಲ್ಲಿ ಮುಗಿಯುತ್ತಿತ್ತು, ಯಾರಿಗೂ ಅದರ ಪರಿವೆ ಇರಲಿಲ್ಲ. ನಾನು ಚಿತ್ರಗಾರ್ತಿಯಾದದ್ದು ಈ ಕಲಬೆರಕೆಯಿಂದಲೇ. ನಗುವವರು ನಗಲಿ, ಅಂದು ಒಂದು ಸಭಾಂಗಣದ ತುಂಬ ಜನ ಆಗಲೇ ನಕ್ಕಾಗಿದೆ.

೧೯೭೭ನೆಯ ಇಸವಿ. ನನಗೆ ಹತ್ತೊಂಬತ್ತು. ನಮ್ಮೂರು ನೇಸರಿಯ ಹೊಲವನ್ನು ಚಿಕ್ಕಪ್ಪನ ಕೈಗೆ ಬಿಟ್ಟು ಅಣ್ಣ ಬಸಗೊಂಡ ಇಚಲಕರಂಜಿಯಲ್ಲಿ ನಾಲ್ಕು ಪವರ್‌ಲೂಮ್ ಹಾಕಿದ್ದ. ಮಗ್ಗದ ಶೆಡ್ಡಿಗೆ ಅಂಟಿದ ಎರಡು ಕೋಣೆಗಳಲ್ಲಿ ಅಣ್ಣ, ಅವನ ಹೆಂಡತಿ ಹಾಲವ್ವ ವೈನಿ ಮತ್ತು ನಾನು. ಸೀರೆಯ ಅಂಚಿಗೆ ನಕ್ಷೆ ಬರೆಯುವುದು ನನ್ನ ಕೆಲಸ. ಗ್ರಾಫ್ ಕಾಗದದಲ್ಲಿ ಚೌಕಕ್ಕೊಂದು ಎಳೆ. ಗಿಳಿ ಬರೆದರೆ ಕೊಕ್ಕು ಮೆಟ್ಟಿಲು ಮೆಟ್ಟಿಲಾಗಿ ಬರುತ್ತಿತ್ತು, ಮಾವಿನಕಾಯಿ ಬರೆದರೆ ಅದಕ್ಕೂ ಮೂಲೆ. ಮೂರು ವರ್ಷ ಇದನ್ನೇ ಮಾಡಿ ಮಾಡಿ ನನ್ನ ಕೈ ಇಷ್ಟಕ್ಕೇ ಸೈ ಎಂದು ನನಗೇ ಅನಿಸತೊಡಗಿತ್ತು. ಮಗ್ಗಗಳ ಖಟಖಟದ ನಡುವೆ ದಿನವಿಡೀ ಅರಳೆ ಎದ್ದು ರೆಪ್ಪೆಯ ಮೇಲೆ ಬಂದು ಕೂರುತ್ತಿತ್ತು. "ಹತ್ತಿ ಹಾರಾಕತ್ತೈತಿ, ಸಾರು ಮುಚ್ಚ" ಎನ್ನುವುದು ವೈನಿಯ ನಿತ್ಯದ ಜಪ.

ಆ ಬೇಸಗೆಯಲ್ಲಿ ನಾನು ತಪ್ಪದೆ ಓದುತ್ತಿದ್ದ ವಾಚನಾಲಯದ ಮರಾಠಿ ಮಾಸಿಕವೊಂದರಲ್ಲಿ ಜಾಹೀರಾತು ಕಂಡಿತು. ಕೊಲ್ಲಾಪುರದಲ್ಲಿ ಅದ್ಭುತ ಕಥೆಗಳ ಮೇಳಾವಾ. ರಾಕ್ಷಸರು, ರೆಕ್ಕೆಯ ಕುದುರೆಗಳು, ಪಾತಾಳದ ಪಟ್ಟಣಗಳು, ಇಂಥವುಗಳ ಕಥೆ ಬರೆಯುವವರು, ಚಿತ್ರ ತೆಗೆಯುವವರು, ಓದುವ ಹುಚ್ಚರು ಎಲ್ಲರೂ ಒಂದು ದಿನ ಒಂದೆಡೆ ಕೂಡುತ್ತಾರಂತೆ. ಮಧ್ಯಾಹ್ನ ಸ್ಥಳದಲ್ಲೇ ಚಿತ್ರಸ್ಪರ್ಧೆ. ಅದನ್ನು ಚೀಟಿಯಲ್ಲಿ ಬರೆದುಕೊಂಡು ಬಂದು ಅಣ್ಣನ ಮುಂದೆ ನಿಂತೆ. ಚಿತ್ರಶಾಲೆ ಸೇರುತ್ತೇನೆಂದು ವರ್ಷದಿಂದ ಅವನ ತಲೆ ತಿಂದಿದ್ದೆ.

ಅಣ್ಣ ಚೀಟಿಯನ್ನು ಎರಡು ಸಲ ಓದಿದ. "ಆತು, ಹೋಗೂಣು. ಅಲ್ಲಿ ತಿಳದಾವ್ರು ನಿನ್ನ ಕೈ ನೋಡಿ ಹೌದು ಅಂದ್ರ ಕೊಲ್ಲಾಪುರದ ಚಿತ್ರಶಾಲಿಗೆ ಹಾಕ್ತೇನಿ. ಇಲ್ಲಂದ್ರ ಈ ಮಾತ ಮತ್ತ ತಗೀಬಾರ್ದು. ಸುಮ್ನ ನಕ್ಷಾ ತಗಿ."

ಅಣ್ಣ ಕೊಟ್ಟ ಮಾತಿಗೆ ತಪ್ಪುವವನಲ್ಲ. ನನಗೆ ಹೆದರಿಕೆಯಿದ್ದದ್ದೂ ಅದಕ್ಕೇ.

ಮೇಳಾವಾ ನಡೆದದ್ದು ಒಂದು ಮದುವೆಯ ಸಭಾಂಗಣದಲ್ಲಿ. ಒಳಗೆ ಕಾಲಿಟ್ಟರೆ ಮಾಸ್ತರರೊಬ್ಬರು ರಟ್ಟಿನ ಹತ್ತು ತಲೆ ಕಟ್ಟಿಕೊಂಡು, ನಡುವಿನ ಬಾಯಿಂದ ಚಹಾ ಕುಡಿಯುತ್ತಿದ್ದರು. ಗೋಡೆಯುದ್ದಕ್ಕೂ ಹಗ್ಗ ಕಟ್ಟಿ, ಬಟ್ಟೆಗೆ ಹಾಕುವ ಚಿಮಟಿ ಹಾಕಿ, ಮಾಸಿಕದ ಮುಖಪುಟಗಳ ಮೂಲ ಚಿತ್ರಗಳನ್ನು ತೂಗುಬಿಟ್ಟಿದ್ದರು. ಆಮೆಯ ಬೆನ್ನ ಮೇಲೆ ಒಂದು ಪೇಟೆ. ಕೂದಲು ಬಿಚ್ಚಿದರೆ ನದಿಯಾಗಿ ಹರಿಯುವ ರಾಣಿ. ಎಲ್ಲದರ ಮೂಲೆಯಲ್ಲೂ 'ಶಾ' ಎಂಬ ಸಹಿ. ಆ ಸಹಿಯ ಮನುಷ್ಯನಿಗೆ ಗಡ್ಡವಿರಬೇಕೆಂದು ನಾನು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ. ಅದು ಶಾಲನತಾಯಿ ಎಂಬ ಐವತ್ತರ ಹೆಂಗಸು! ಸಾದಾ ನೂಲಿನ ಸೀರೆ ಉಟ್ಟು, ಕಾಲು ಚಾಚಿ ಕುರ್ಚಿಯಲ್ಲಿ ಕೂತಿದ್ದರು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಉಳಿದಿತ್ತು.

ನಾನು ಚಿತ್ರಗಳಿಗಿಂತ ಹೆಚ್ಚು ಆ ಉಗುರನ್ನು ನೋಡಿದೆ. ಇಲ್ಲದ ಊರುಗಳನ್ನು ಬರೆದು ಹೆಂಗಸೊಬ್ಬಳು ಬದುಕಬಹುದು, ನಾಲ್ಕು ಜನರ ನಡುವೆ ಹೀಗೆ ಆರಾಮವಾಗಿ ಕೂರಬಹುದು. ನನಗೂ ಇದೇ ಬೇಕು, ಬೇರೇನೂ ಬೇಡ ಅನಿಸಿತು.

ಮಧ್ಯಾಹ್ನ ನಲವತ್ತು ಜನರನ್ನು ಜಮಖಾನೆಯ ಮೇಲೆ ಸಾಲಾಗಿ ಕೂರಿಸಿದರು. ಅಣ್ಣ ಹಿಂದಿನ ಕಿಟಕಿಯ ಬಳಿ ನಿಂತ. ಮೈಕಿನಲ್ಲಿ ವಿಷಯ ಹೇಳಿದರು: "ಉಡಣಾರಾ ಹತ್ತಿ."

ಉಡಣಾರಾ ಎಂದರೆ ಹಾರುವ. ಹತ್ತಿ ಎಂದರೆ ಏನು ಎಂದು ನನಗೆ ಯಾರು ಹೇಳಬೇಕು? ನಮ್ಮ ಮನೆಯ ಸಾರಿನಲ್ಲೇ ಬೀಳುತ್ತಿತ್ತಲ್ಲ. ಇಷ್ಟು ಜನರಲ್ಲಿ ಹಾರುವ ಹತ್ತಿಯನ್ನು ನನ್ನಷ್ಟು ಕಂಡವರು ಯಾರೂ ಇಲ್ಲವೆಂದು ಜಂಬವೂ ಬಂತು. ಮುಂದಿದ್ದ ಹಾಳೆಯಲ್ಲಿ ಒಂದೂ ಗೆರೆಯಿರಲಿಲ್ಲ. ಕುಂಚ ಇಟ್ಟದ್ದೇ ಕೈ ತಾನಾಗಿಯೇ ಓಡಿತು. ಶೆಡ್ಡಿನ ಮಾಡಿನ ತಗಡು ಕಿತ್ತುಕೊಂಡು ಹತ್ತಿ ಮೇಲೆದ್ದಿತು. ಅದರ ಹಿಂದೆ ಮಗ್ಗಗಳು, ಸೀರೆಗಳು, ಸೌಟು ಹಿಡಿದ ವೈನಿ, ಕೊನೆಗೆ ಇಡೀ ಇಚಲಕರಂಜಿಯೇ ಬುಡ ಬಿಟ್ಟು ಎದ್ದು ಪಂಚಗಂಗೆ ಹೊಳೆಯ ಮೇಲೆ ತೇಲಿತು. ಅಂಥ ಖುಷಿ ನನಗೆ ಅದುವರೆಗೆ ಗೊತ್ತಿರಲಿಲ್ಲ.

ಇನ್ನು ಹತ್ತು ನಿಮಿಷ ಎಂದು ಕೂಗಿದಾಗ ಪಕ್ಕದವಳ ಹಾಳೆಯ ಮೇಲೆ ಕಣ್ಣು ಬಿತ್ತು. ಸೊಂಡಿಲು. ಈಚೆ ಪಕ್ಕ ನೋಡಿದೆ, ಅಲ್ಲೂ ಸೊಂಡಿಲು. ಚಿಟ್ಟೆಯ ರೆಕ್ಕೆಯ ಆನೆ, ಬಾಲದಲ್ಲಿ ಬೆಂಕಿ ಹತ್ತಿದ ಆನೆ, ಎಲ್ಲಿ ನೋಡಿದರೂ ಆನೆ. ಮರಾಠಿಯಲ್ಲಿ ಹತ್ತಿ ಎಂದರೆ ಆನೆ! ಗೊತ್ತಿರಲಿಲ್ಲವೇ ಎಂದರೆ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಕಿವಿಗೆ ಬಿದ್ದದ್ದು ಮನೆಯ ಮಾತು.

ಉಪಾಯವೇನೋ ಇತ್ತು. ಹತ್ತಿಯ ದೊಡ್ಡ ರಾಶಿಗೆ ಎರಡು ಕಣ್ಣು, ಒಂದು ಸೊಂಡಿಲು ಎಳೆದರೆ ಬಿಳಿ ಬಣ್ಣದ ಆನೆಯೇ. ಕುಂಚ ಎತ್ತಿದೆ. ಸೊಂಡಿಲು ಬಂದರೆ ಚಿತ್ರಶಾಲೆ ಉಳಿಯಬಹುದು, ಆದರೆ ನನ್ನ ಊರು ಹಾರುವುದು ನಿಂತುಬಿಡುತ್ತದೆ, ಬರೀ ಆನೆಯ ಹೊಟ್ಟೆಯಾಗುತ್ತದೆ. ನನಗೆ ಸಿಟ್ಟು ಬಂತು, ಯಾರ ಮೇಲೆಂದು ಕೇಳಬೇಡಿ. ಹಾಳಾಗಿ ಹೋಗಲಿ ಎಂದು ಕುಂಚ ಇಳಿಸಿದೆ.

ಶಾಲನತಾಯಿ ಸಾಲು ನೋಡುತ್ತ ಬಂದು ನನ್ನ ಹತ್ತಿರ ನಿಂತರು. "ಹಾ ಕಸಲಾ ಹತ್ತಿ, ಬಾಳ?"

ಇದೆಂಥ ಆನೆ ಎಂದು ಕೇಳಿದ್ದು. "ಆನಿ ಅಲ್ರೀ, ಹತ್ತಿರೀ. ಅರಳಿ" ಎಂದು ಕನ್ನಡದಲ್ಲೇ ತೊದಲಿ, ಮತ್ತೆ ಅದನ್ನೇ ಮರಾಠಿಯಲ್ಲಿ "ಕಾಪೂಸ" ಎಂದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹತ್ತು ತಲೆಯ ಮಾಸ್ತರರ ಎರಡು ತಲೆ ಕಳಚಿ ಬಿದ್ದವು. ಶಾಲನತಾಯಿ ಮಾತ್ರ ನಗಲಿಲ್ಲ. ತುಂಬ ಹೊತ್ತು ನೋಡಿ, "ಚೂಕ ಆಹೇ. ಪಣ ವಾರಾ ದಿಸತೋಯ" ಎಂದರು. ತಪ್ಪಾಗಿದೆ, ಆದರೆ ಗಾಳಿ ಕಾಣಿಸುತ್ತಿದೆ.

ಬಹುಮಾನ ಚಿಟ್ಟೆಯ ರೆಕ್ಕೆಯ ಆನೆಗೆ ಹೋಯಿತು.

ಎಸ್.ಟಿ. ಬಸ್ ನಿಲ್ದಾಣದವರೆಗೆ ಅಣ್ಣ ಮುಂದೆ ಮುಂದೆ ನಡೆದ. ಎಲ್ಲ ಮುಗಿಯಿತು ಎಂದು ನಾನು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಹಿಂದೆ ಹೋದೆ. ಬಸ್ಸಿನಲ್ಲಿ ಕೂತ ಮೇಲೆ ಅವನು ನನ್ನ ಕಡೆ ತಿರುಗಿದ.

"ಅಲ್ಲ ಅನ್ನವ್ವಾ, ಅವ್ರೆಲ್ಲಾ ಆನಿ ಯಾಕ ತಗದ್ರು?"

ಟಿಕೆಟನ್ನು ಜೇಬಿಗೆ ಸೇರಿಸುತ್ತ ಅವನೇ ಮುಂದುವರಿಸಿದ.

"ಮೈಕಿನ್ಯಾಗ ಸಾಪ್ ಹತ್ತಿ ಅಂದ್ರ, ಮಂದಿ ಆನಿ ತಗದ ಕುಂತಾರ. ಮಾತ ಕೇಳಿ ತಗದಾಕಿ ನೀ ಒಬ್ಬಾಕಿ. ಆ ಶಾಲನತಾಯೀನೂ ಗಾಳಿ ಕಾಣತೈತಿ ಅಂದ್ರು. ನನಗ ಅಷ್ಟ ಸಾಕು. ಸೋಮವಾರ ಚಿತ್ರಶಾಲಿಗೆ ಅರ್ಜಿ ಕೊಡೂಣು."

ಅಣ್ಣನೂ ನನ್ನಂತೆಯೇ ತಪ್ಪಾಗಿ ಕೇಳಿಸಿಕೊಂಡಿದ್ದ! ನಿಜ ಹೇಳಬೇಕಿತ್ತು. ಹೇಳಲಿಲ್ಲ. ಚಿತ್ರಶಾಲೆಯ ಆಸೆ ಅಷ್ಟಿತ್ತು. ಆಮೇಲೆ ಕೊಲ್ಲಾಪುರದಲ್ಲಿ ಓದಿದ ವರ್ಷಗಳು ನನ್ನ ಬದುಕಿನ ಬಂಗಾರದ ವರ್ಷಗಳು. ಟರ್ಪೆಂಟೈನಿನ ವಾಸನೆ ಬಂದರೆ ಈಗಲೂ ಚಿತ್ರಶಾಲೆಯ ಆ ಉದ್ದನೆಯ ಕೋಣೆ, ಆ ಬೆಳಕು ಕಣ್ಣಿಗೆ ಕಟ್ಟುತ್ತದೆ. ಆದರೆ ಪ್ರತಿ ರಜೆಗೆ ಮನೆಗೆ ಬಂದಾಗಲೂ, ಅಣ್ಣನಿಗೆ ಮೋಸ ಮಾಡಿ ಕಲಿಯುತ್ತಿದ್ದೇನೆ ಎಂಬುದು ಒಳಗೇ ಕೊರೆಯುತ್ತಿತ್ತು.

೧೯೮೫ರಲ್ಲಿ ಮರಾಠಿ ಮಾಸಿಕವೊಂದರ ದೀಪಾವಳಿ ಅಂಕಕ್ಕೆ, ಅಂದರೆ ವಿಶೇಷ ಸಂಚಿಕೆಗೆ, ನನ್ನ ಮೊದಲ ಮುಖಪುಟ ಬಂತು. ಪ್ರತಿ ಹಿಡಿದು ಇಚಲಕರಂಜಿಗೆ ಹೋದೆ. ಇಂದು ಹೇಳಿಬಿಡುವುದೇ ಎಂದು ನಿರ್ಧರಿಸಿದ್ದೆ. ಅಣ್ಣ ನೂಲಿನ ಪೇಟೆಗೆ ಹೋಗಿದ್ದ. ತಡೆಯಲಾರದೆ ವೈನಿಯ ಮುಂದೆ ಎಲ್ಲ ಹೇಳಿಕೊಂಡು ಅತ್ತೆ.

ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಹುಚ್ಚಿ. ದಿನಾ ಮರಾಠಿ ಮಂದಿ ಸಂಗಾಟ ವ್ಯಾಪಾರ ಮಾಡೂ ಮನಷ್ಯಾಗ ಅಷ್ಟ ಗೊತ್ತಿಲ್ಲೇನ? ಅವತ್ತ ಮನಿಗಿ ಬಂದು ಒಲಿ ಮುಂದ ಕುಂತು, ಕಣ್ಣಾಗ ನೀರ ಬರೂತನಾ ನಕ್ಕಾರ. ಆಮ್ಯಾಲೆ ಅಂದ್ರು, 'ಹಾಲವ್ವಾ, ಆಕಿ ತಪ್ಪು ಆಕಿಗೇ ತಿಳೀತು. ಸೊಂಡಿ ಬರೀಲಿಕ್ಕೆ ಬ್ರಶ್ ಎತ್ತಿದ್ಳು, ಬರೀದ ಇಳಿಸಿದ್ಳು. ನಾ ಹಿಂದಿಂದ ನೋಡಾಕತ್ತಿದ್ನಿ. ಅಂಥಾಕಿನ್ನ ಮನ್ಯಾಗ ಕುಂಡ್ರಿಸಿಕೊಂಡು ನಾ ಏನ ಮಾಡ್ಲಿ? ಸೋತೆ ಅಂತ ತಿಳಕೊಂಡು ಆಕಿ ಹೋಗಬಾರ್ದು, ನೀ ಹೇಳಬ್ಯಾಡ' ಅಂತ."

ಅಷ್ಟರಲ್ಲಿ ಅಣ್ಣ ಬಂದ. ಕೈಕಾಲು ತೊಳೆದು, ಅಂಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದನ್ನೂ ಮಾತ ಸರಿಯಾಗಿ ಕೇಳೇ ತಗದೀಯಲ್ಲ?" ಎಂದ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

"ಹೌದಣ್ಣಾ" ಎಂದೆ.