ಕಹಕಶಾನಳ ಕಿಟಕಿ

ಕಿಟಕಿಯ ಕಪ್ಪು ಪರದೆಗೆ ಖಾಲಾ ಕೈ ಹಾಕುತ್ತಿದ್ದಂತೆ ಹಮೀದಾ ಬೇಗಂ ಅಡ್ಡ ಬಂದರು.

“ಬೇಡ ಆಪಾ. ಬೆಳಕು ಬಿದ್ರೆ ಅವಳಿಗೆ ತಡೆಯಲ್ಲ.”

“ಇನ್ನೇನು ತಡೆಯೋದು ಹಮೀದಾ? ಮುಖ ನೋಡೋಕೆ ಬಂದೋರು ಕತ್ತಲಲ್ಲಿ ತಡಕಾಡ್ಬೇಕಾ?”

ಹಮೀದಾರ ಅಕ್ಕ, ಓಣಿಗೆಲ್ಲ ಖಾಲಾ, ಒಂದೇ ಎಳೆತಕ್ಕೆ ಪರದೆ ಕಿತ್ತು ಕೆಳಗೆ ಹಾಕಿದರು. ಬಿಳಿ ಕಫನ್‌ನೊಳಗೆ ಕಹಕಶಾನಳ ಮುಖ ಬಿಸಿಲಿಗೆ ಬಿತ್ತು. ಹಮೀದಾ ಸೆರಗು ಚಾಚಿ ನೆರಳು ಮಾಡಿದರು. ಸತ್ತವಳಿಗೆ ಬಿಸಿಲೇನು ಅಂದರೆ ತಾಯಿಕರುಳು ಕೇಳಬೇಕಲ್ಲ!

ಶಿಡ್ಲಘಟ್ಟದ ಆ ಓಣಿಯಲ್ಲಿ ಹೆಂಗಸರೆಲ್ಲ ಬೆಳಗಾದರೆ ರೇಷ್ಮೆ ನೂಲು ತೆಗೆಯಲು ಹೋಗುವವರು. ವರ್ಷಗಟ್ಟಲೆ ಮಲಗಿದ್ದವಳು ಇವಳೊಬ್ಬಳೇ. ಮೊನ್ನೆ ನ್ಯುಮೋನಿಯಾ ಬಂದು, ನಿನ್ನೆ ರಾತ್ರಿ ತೀರಿಕೊಂಡಳು.

“ಒಳ್ಳೇ ಹುಡುಗೀನೇ. ಮೈಗಳ್ಳತನ ಒಂದು ಬಿಟ್ರೆ,” ಎಂದರು ಖಾಲಾ.

ಹಮೀದಾ ಸೆರಗನ್ನು ಇನ್ನಷ್ಟು ಮುಂದಕ್ಕೆ ಚಾಚಿದರು. ಜನಾಜಾ ಎತ್ತುವುದರೊಳಗೆ ಒಬ್ಬರಾದರೂ ಮಗಳ ಬಗ್ಗೆ ಮನಸಾರೆ ಒಂದು ಮಾತಾಡಲಿ ಎಂದು ಕಾಯುತ್ತಿದ್ದರು.

*

ಕಹಕಶಾನಳನ್ನು ಹಾಸಿಗೆ ಹಿಡಿಸಿದ್ದ, ಬೆಳಕು, ಮಾತು ಕೂಡ ತಾಳಲಾಗದ ದಣಿವಿನ ಕಾಯಿಲೆಯ ಮೇಲೆ ಸಂಶೋಧನೆ ಮಾಡುತ್ತಿದ್ದ ಬೆಂಗಳೂರಿನ ಡಾಕ್ಟರ್ ಶ್ರೀವಲ್ಲಿ ಮೊದಲ ಸಲ ರೋಗಿಗಳನ್ನೆಲ್ಲ ಫೋನಿನಲ್ಲಿ ಸೇರಿಸಿದಾಗ, ಮಾತು ಮುಗಿಯುವಷ್ಟರಲ್ಲಿ ಮಧ್ಯಾಹ್ನವೇ ಕಳೆದಿತ್ತು. ಆಮೇಲೆ ಒಂದು ವಾರ ಕಹಕಶಾನ್ ತಲೆ ಎತ್ತಲಿಲ್ಲ. ಚೇತರಿಸಿಕೊಂಡ ಮೇಲೆ, ಅಮ್ಮ ಬಾಯಿಯ ಹತ್ತಿರ ಹಿಡಿದ ಫೋನಿಗೆ ಪಿಸುಗುಟ್ಟಿದಳು.

“ಡಾಕ್ಟರಮ್ಮಾ, ನಮ್ಮ ಕಡೆ ರೇಷ್ಮೆಹುಳ ಪೊರೆ ಬಿಡೋಕೆ ಜ್ವರಕ್ಕೆ ಕೂತ್ರೆ ಯಾರೂ ಮುಟ್ಟಲ್ಲ, ಸೊಪ್ಪೂ ಹಾಕಲ್ಲ. ನಮ್ಮನ್ನೂ ಹಂಗೇ ನೋಡ್ಕೊಳ್ಳಿ. ಪ್ರಶ್ನೆ ಮೊದ್ಲೇ ಕಳ್ಸಿ. ಹತ್ತೇ ನಿಮಿಷ ಮಾತಾಡಣ. ಮಲಗಿಕೊಂಡೇ ಇರ್ತೀವಿ, ಕ್ಯಾಮೆರಾ ಬೇಡ.”

ಅಷ್ಟು ಹೇಳಿದ್ದಕ್ಕೇ ಕಹಕಶಾನ್ ಮತ್ತೆ ಎರಡು ದಿನ ಕಣ್ಣು ಬಿಡಲಿಲ್ಲ. ಶ್ರೀವಲ್ಲಿ ಮಾತ್ರ ಅವತ್ತೇ ಒಪ್ಪಿಕೊಂಡಿದ್ದರು.

*

“ಅಮ್ಮೀ, ಇವತ್ತು ಕಹಕಶಾನ್ ಆಪಾದು ಡಾಕ್ಟರ್ ಜೊತೆ ಮೀಟಿಂಗ್ ಇತ್ತು. ಅವರೆಲ್ಲ ನಿಮ್ಮನ್ನ ನೋಡ್ಬೇಕಂತೆ,” ಎಂದು ಕಿರಿಮಗಳು ಅರ್ಫಾ ಫೋನ್ ತಂದಳು. ಕಹಕಶಾನಳ ಮುಖ ಪರಪುರುಷರಿಗೆ ಕಾಣದಂತೆ ಅದನ್ನು ತಾಯಿಯ ಕಡೆಗೇ ತಿರುಗಿಸಿ ಹಿಡಿದಳು.

“ಅಮ್ಮಾ, ರೋಗಿಗಳ ಹತ್ರ ಹೆಂಗೆ ಕೇಳ್ಬೇಕು ಅಂತ ನಮಗೆ ಕಲಿಸಿದ್ದೇ ನಿಮ್ಮ ಮಗಳು,” ಎಂದರು ಶ್ರೀವಲ್ಲಿ. “ಈಗ ನಮ್ಮ ಕೆಲಸ ಎಲ್ಲಾ ಅವರು ಹೇಳಿದ ಹಾಗೇ ನಡೀತಿದೆ.”

ಫೋನಿನಲ್ಲಿ ಅವರ ಸುತ್ತಲಿನ ಕಪ್ಪು ಚೌಕಗಳು ಒಂದೊಂದಾಗಿ ಬೆಳಗಿದವು. ಯಾವತ್ತೂ ಮುಖ ತೋರದ ರೋಗಿಗಳು ಇಂದು ದೀಪ ಹಾಕಿಕೊಂಡಿದ್ದರು. ಎಲ್ಲರೂ ಮಲಗಿದ್ದರು. ಬೆಳಕಿಗೆ ಎಲ್ಲರ ಕಣ್ಣೂ ಕಿರಿದಾಗಿದ್ದವು.

ಗೌರಿಬಿದನೂರಿನ ಚಲಪತಿ ಮೇಷ್ಟ್ರು ಉಸಿರು ಕೂಡಿಸಿಕೊಂಡು ಹೇಳಿದರು: “ನಮಗೆ ಬಾಯಿ ಆಗಿದ್ದೋರು ಅವರೇನಮ್ಮ. ಮಣ್ಣಿಗೆ ಬರೋಕೆ ಆಗಲ್ಲ. ಅದಕ್ಕೇ ಹಿಂಗೆ ಬಂದ್ವಿ.”

ಹಮೀದಾ ಬಿಕ್ಕಿ ಬಿಕ್ಕಿ ಅತ್ತರು. ಕಾದಿದ್ದ ಮಾತು ಕೊನೆಗೂ ಬಂದಿತ್ತು.

ಖಾಲಾ ಬಗ್ಗಿ ನೋಡಿದರು. “ಇಷ್ಟು ಜನಾನಾ? ಎಲ್ಲಾ ನಮ್ಮ ಹುಡುಗಿ ಥರಾನೇ?”

“ಹೂಂ ಆಪಾ,” ಎಂದರು ಹಮೀದಾ.

ಖಾಲಾ ನೆಲದಲ್ಲಿ ಬಿದ್ದಿದ್ದ ಪರದೆ ಎತ್ತಿಕೊಂಡು, ಮಂಡಿನೋವಲ್ಲೇ ಸ್ಟೂಲು ಹತ್ತಿದರು.

“ಖಾಲಾ, ನಮ್ಮನೆ ಬೆಳಕು ಅವರಿಗೆ ಬೀಳಲ್ಲ,” ಎಂದಳು ಅರ್ಫಾ.

“ಸುಮ್ನಿರೇ! ಕಣ್ಣು ಬಿಡೋಕಾಗ್ದೆ ಒದ್ದಾಡ್ತಿದಾರೆ ಪಾಪ,” ಎನ್ನುತ್ತ ಖಾಲಾ ಪರದೆಯ ತುದಿಯನ್ನು ಮೊಳೆಗೆ ಸಿಕ್ಕಿಸಿದರು.