ಈರಮ್ಮನ ಬಾಗಿಲು

“ಯಾರಿಗೆ ಕಣೇ ಇಷ್ಟೆತ್ರದ ಬಾಗ್ಲು? ನಿನ್ನ ಗಂಡನ್ನ ಆನೆ ಮ್ಯಾಲೆ ಕುಂಡ್ರಿಸ್ಕಂಡು ಒಳಿಕ್ಕೆ ಕರ್ಕಂಡೋಯ್ತೀಯೇನೇ, ಮುಂಡೆ?”

ಪಟೇಲ ವೀರಭದ್ರಯ್ಯನವರು ಹೊಸ ದಾರಂದಕ್ಕೆ ಬೆತ್ತದಿಂದ ಬಡಿಯುತ್ತಿದ್ದರು. ಈರಮ್ಮ ಗೋಡೆಗೆ ಬೇಕಾದ ಮಣ್ಣು ತುಳಿಯುತ್ತಿದ್ದವಳು ಕಾಲು ನಿಲ್ಲಿಸಲಿಲ್ಲ.

“ಮುಂಡೆ ಅನ್ಬ್ಯಾಡಿ ಬುದ್ಧಿ. ಗಂಡ ಅಲ್ಲೇ ನಿಂತವ್ನೆ.”

ಗಂಡ ಕೆಂಚಯ್ಯ ನಿಂತಿದ್ದನೇನೋ ನಿಜ, ಆದರೆ ಕಂಬದ ಹಿಂದೆ.

ಎಪ್ಪತ್ತೊಂಬತ್ತರ ಬೇಸಿಗೆ ಮುಗಿಯುವ ಹೊತ್ತಿಗೆ ಎದ್ದ ಬಿರುಗಾಳಿ ಮಗ್ಗೆ ಕಡೆಯ ಆ ಹೊಲಗೇರಿಯ ಗುಡಿಸಲುಗಳನ್ನೆಲ್ಲ ನೆಲಸಮ ಮಾಡಿತ್ತು. ದಿಬ್ಬದ ಮೇಲಿನ ಪಟೇಲರ ಮನೆಯ ಒಂದು ಹೆಂಚನ್ನೂ ಅದು ಅಲುಗಿಸಿರಲಿಲ್ಲ. ಗಾಳಿಗೂ ಯಾರ ಮನೆ ಯಾವುದೆಂದು ಗೊತ್ತಿತ್ತು. ಸಕಲೇಶಪುರದ ಇಗರ್ಜಿಯಿಂದ ಹುಡುಗ ಹುಡುಗಿಯರು ಸ್ವಯಂಸೇವಕರಾಗಿ ಬಂದು ಮನೆ ಕಟ್ಟಿಕೊಡುತ್ತಿದ್ದರು. ಅವರ ಮುಖಂಡ ಅಗಸ್ಟಿನ್ ಒಂದು ಇಟ್ಟಿಗೆ ಇಟ್ಟು ಎರಡು ಸಲ ಬೆವರು ಒರೆಸಿಕೊಳ್ಳುವ ಆಸಾಮಿ, ಮನಸ್ಸು ಒಳ್ಳೆಯದು. ಜೊತೆಗಿದ್ದ ಗ್ರೆಟ್ಟಾ ಬಂದ ದಿನವೇ ಈರಮ್ಮನನ್ನು “ನಿಮಗೆ ಎಂಥ ಮನೆ ಬೇಕು?” ಎಂದು ಕೇಳಿದ್ದಳು. ಹುಟ್ಟಿದಾಗಿನಿಂದ ಈರಮ್ಮನನ್ನು ಯಾರೂ ಅಂಥದ್ದು ಕೇಳಿರಲಿಲ್ಲ.

“ತಲೆ ಮ್ಯಾಲಿನ ಕೊಡ ಇಳಿಸ್ದೆ ಒಳಿಕ್ಕೆ ಹೋಗಂಗಿದ್ರೆ ಸಾಕು ಕಣವ್ವ.”

ಆ ಕೇರಿಯ ಬಾಗಿಲುಗಳು ಅಜ್ಜನ ಕಾಲದಿಂದಲೂ ಎದೆಮಟ್ಟದವು. ಬೆಳಗ್ಗೆ ಎದ್ದು ಹೊರಗೆ ಬರುವವರು ಪಟೇಲರ ಮನೆಯ ಕಡೆಗೆ ತಲೆ ತಗ್ಗಿಸಿಯೇ ಬರಬೇಕೆಂದು ಮಾಡಿದ ಕಟ್ಟಳೆ ಅದು. ಈರಮ್ಮನ ಹಣೆಯಲ್ಲಿ ಅದರ ಬುಗುಟು ಕಾಯಂ ಆಗಿ ಕೂತಿತ್ತು. ಗ್ರೆಟ್ಟಾಳ ಎದುರು ಅವಳು ಹರಕು ಸೀರೆಯ ಸಿಂಬೆಯ ಮೇಲೆ ಕೊಡ ಹೊತ್ತು ನೆಟ್ಟಗೆ ನಿಂತಳು. ಗ್ರೆಟ್ಟಾ ಕೊಡದ ಬಾಯಿಗೆ ಸರಿಯಾಗಿ ದಾರಂದದ ಮರಕ್ಕೆ ಇದ್ದಿಲಿನ ಗೆರೆ ಎಳೆದಳು. ದಾರಂದ ಎದ್ದದ್ದು ಆ ಗೆರೆಯ ಮಟ್ಟಕ್ಕೆ.

“ಜಾಗ ನಂದು, ಹೆಂಚು ಹೊರೋ ಗಾಡೀನೂ ನಂದು,” ಎಂದರು ಪಟೇಲರು. “ಬಾಗ್ಲು ಎದೆಮಟ್ಟಕ್ಕೆ ಇಳೀಬೇಕು. ಇಲ್ದಿದ್ರೆ ಒಂದ್ ಹೆಂಚೂ ಬರಾಕಿಲ್ಲ.”

ಅಗಸ್ಟಿನ್ ಗ್ರೆಟ್ಟಾಳನ್ನು ಬದಿಗೆ ಕರೆದ. “ಬಿಡು ಮಾರಾಯ್ತಿ, ಮಳೆ ತಲೆ ಮೇಲಿದೆ. ಮೊದ್ಲು ಸೂರಾಗ್ಲಿ. ಬಾಗ್ಲದ್ದು ಆಮೇಲೆ ನೋಡೋಣ.”

ಈ ‘ಆಮೇಲೆ’ಯನ್ನು ಈರಮ್ಮ ಹುಟ್ಟಿದಾಗಿನಿಂದ ನೋಡುತ್ತಿದ್ದಳು. ಕೆಂಚಯ್ಯ ಗರಗಸ ತಂದು ಗೆರೆಯಿದ್ದ ತುಂಡನ್ನೇ ಕೊಯ್ದು ಕೆಡವಿದ. ಅವಳು ಆ ತುಂಡನ್ನು ಎತ್ತಿಕೊಂಡಳು. ಆಮೇಲೆ ಯಾಕೋ ಅವಳ ಮುಖ ಅರಳಿತು.

“ಇನ್ನೂ ಒಂದ್ ಮೊಳ ಕುಯ್ಯಿ.”

“ತಲೆ ಗಿಲೆ ಕೆಟ್ಟೈತಾ ನಿಂಗೆ?”

“ಕುಯ್ಯಿ ಅಂದ್ರೆ ಕುಯ್ಯಿ. ಬುದ್ಧೇರು ಎದೆಮಟ್ಟ ಅಂದ್ರು, ನಾವು ಸೊಂಟದ ಮಟ್ಟ ಮಾಡವ.”

“ಈಗ ದಾರಿಗ್ ಬಂದೆ ನೋಡು,” ಎಂದು ಪಟೇಲರು ಮೀಸೆ ತಿರುವಿ ಹೊರಟರು.

ಮನೆ ಹೊಗುವ ದಿನ ಆಲೂರಿನ ತಾಲ್ಲೂಕು ಕಚೇರಿಯಿಂದ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು, ಹಿಂದೆ ಒಬ್ಬ ಫೋಟೋದವನು. ಪಟೇಲರು ಜರಿಯಂಚಿನ ರುಮಾಲು ಸುತ್ತಿ ಬಂದು ಅಂಗಳದಲ್ಲೇ ನಿಂತರು. ಅಲ್ಲಿಂದಲೇ ಕೈಮುಗಿದು ಜಾರಿಕೊಳ್ಳುವ ಲೆಕ್ಕ ಅವರದು.

“ಒಳಗಿನ ಫೋಟೋನೇ ಬೇಕು,” ಎಂದು ಫೋಟೋದವನು ತೂರಿಕೊಂಡು ಒಳಗೆ ಹೋದ.

“ಜಾಗ ಕೊಟ್ಟೋರು ನೀವು. ಮೊದಲು ನೀವೇ ನಡೀರಿ,” ಎಂದರು ಸಾಹೇಬರು.

ಹೊಲೇರ ಮನೆಗೆ ಕಾಲಿಡುವುದಿಲ್ಲವೆಂದು ಸರಕಾರದ ಎದುರು ಹೇಳುವುದು ಹೇಗೆ? ಅದಕ್ಕೆ ಕಾನೂನಿತ್ತು. ಪಟೇಲರು ಬಗ್ಗಿದರು. ಬಗ್ಗಿದ್ದು ಸಾಲದೆ ಮೊಣಕಾಲೂರಿದರು. ಅದೂ ಸಾಲದೆ ಅಂಬೆಗಾಲಿಟ್ಟರು. ದಾರಂದ ತಲೆಗೆ ಬಡಿದು ರುಮಾಲು ಕಳಚಿ, ಸುರುಳಿ ಬಿಚ್ಚಿಕೊಳ್ಳುತ್ತ ಒಳಗೆ ಉರುಳಿತು. ಬಾಗಿಲಿಗೆ ನೇರ ಎದುರಾಗಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಈರಮ್ಮ ಕುಳಿತಿದ್ದಳು. ಬಲಗೈ ಎತ್ತಿ ಆಶೀರ್ವಾದ ಮಾಡಿದಳು.

“ಏಳಿ ಬುದ್ಧಿ, ಏಳಿ. ನಿಮ್ಮಂಥ ದೊಡ್ಡೋರು ನಂಗ್ಯಾಕೆ ಅಡ್ಡ ಬೀಳ್ತೀರಿ.”

ಫೋಟೋದವನು ಗುಂಡಿ ಒತ್ತಿಬಿಟ್ಟ. ಹೊರಗೆ ಇಣುಕುತ್ತಿದ್ದ ಕೇರಿಯೆಲ್ಲ ಮೊದಲು ಕೆಮ್ಮಿತು, ಆಮೇಲೆ ತಡೆಯಲಾರದೆ ನಕ್ಕಿತು.

“ಕೀಳ್ರೋ ಈ ದಾರಂದವ, ಬೋಳಿಮಕ್ಳಾ! ಕಿತ್ತು ಎತ್ರ ಮಾಡ್ರೋ!” ಎಂದು ಪಟೇಲರು ಅರಚಿದರು.

“ತಕ್ಕಳಿ ಬುದ್ಧಿ, ನಿಮ್ ರುಮಾಲು.” ಈರಮ್ಮ ಎರಡೂ ಕೈಯಲ್ಲಿ ಎತ್ತಿ ಚಾಚಿದಳು.

ಪಟೇಲರ ಕೈ ಅರ್ಧಕ್ಕೇ ನಿಂತಿತು. ಅವಳು ಮುಟ್ಟಿದ್ದನ್ನು ತಲೆಗೆ ಸುತ್ತುವ ಹಾಗಿಲ್ಲ, ಯಾಕೆ ಮುಟ್ಟಿದೆಯೆಂದು ಸಾಹೇಬರ ಎದುರು ಬಯ್ಯುವ ಹಾಗೂ ಇಲ್ಲ. ಬೋಳುತಲೆಯಲ್ಲೇ ಹಿಂದುಹಿಂದಕ್ಕೆ ತೆವಳಿ ಹೊರಗೆ ಹೋದರು.

ಹಿಂದೆಯೇ ಈರಮ್ಮ ಬಗ್ಗಿ ಹೊರಗೆ ಬಂದಳು. ಎಲ್ಲರೂ ನೋಡುತ್ತಿದ್ದಂತೆ ಜರಿಯ ರುಮಾಲನ್ನು ಸಿಂಬೆ ಸುತ್ತಿದಳು, ತಲೆಗಿಟ್ಟುಕೊಂಡಳು, ಅದರ ಮೇಲೆ ತುಂಬಿದ ಕೊಡ ಇಟ್ಟು ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು.

“ಬಾರವ್ವ ಗ್ರೆಟ್ಟಾ. ಎತ್ರ ಮಾಡ್ರೋ ಅಂತ ಪಟೇಲ್ರೇ ಅಂದವ್ರೆ. ಗೆರೆ ಎಳಿ.”

ಗ್ರೆಟ್ಟಾ ಇದ್ದಿಲು ತಂದಳು. ರುಮಾಲಿನ ಸಿಂಬೆ ದಪ್ಪಗಿತ್ತು. ಗೆರೆ ಮೊದಲಿಗಿಂತ ನಾಲ್ಕು ಬೆರಳು ಮೇಲೆ ಬಿತ್ತು.